ಗಂಜ್‌ಗಳಲ್ಲಿರುವ ಧರ್ಮ

ಧರ್ಮ ಇರುವುದು ಮನಸ್ಸಿನ ಶುದ್ಧಿಯಲ್ಲಿ ಮಾತ್ರವೇ, ಅಥವಾ ಕಟ್ಟಿದ ವಸ್ತುವಿನ ವಿನ್ಯಾಸದಲ್ಲೂ ಇದೆಯೇ? 17ನೇ ಶತಮಾನದ ವಿಜಯಪುರ ಸೀಮೆಯಲ್ಲಿ ಎರಡಕ್ಕೂ ನಿದರ್ಶನಗಳಿವೆ. ಆದಿಲ್‌ಶಾಹಿ ಆಸ್ಥಾನದ ಅಧಿಕಾರ ತೊರೆದು ಕಾಖಂಡಕಿಯಲ್ಲಿ ನೆಲೆಸಿದ ಹರಿದಾಸ ಮಹಿಪತಿದಾಸರು ಒಳಗಿನ ಹಾದಿ ಹಿಡಿದರು. ಅದೇ ಕಾಲದಲ್ಲಿ ಬೇಗಂ ತಾಲಾಬ್ ಎಂಬ ಕೆರೆಯ ನೀರು ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ರಾಜಧಾನಿ ವಿಜಯಪುರಕ್ಕೆ ಹರಿಯತೊಡಗಿತು. ದಾರಿಯುದ್ದಕ್ಕೂ ಗಂಜ್ ಎಂಬ ಎತ್ತರದ ಕಲ್ಲುಗೋಪುರಗಳು. ನೀರು ಅವುಗಳಲ್ಲಿ ಮೇಲೇರಿ ಇಳಿಯುವಾಗ ಒತ್ತಡ ತಗ್ಗುತ್ತಿತ್ತು, ಕೊಳವೆ ಒಡೆಯುತ್ತಿರಲಿಲ್ಲ. ಹೂಳು ತಳದಲ್ಲೇ ಉಳಿಯುತ್ತಿತ್ತು.

ನೀರು ಕೊಡುವುದು ಪುಣ್ಯವೆಂದು ಹಲವು ಮತಗಳು ಹೇಳುತ್ತವೆ. ಆದರೆ ಒತ್ತಡದ ಲೆಕ್ಕ ತಪ್ಪಿದರೆ ದಾನಿಯ ಸಂಕಲ್ಪ ಎಷ್ಟೇ ನಿರ್ಮಲವಾಗಿದ್ದರೂ ಬಾಯಾರಿದವನಿಗೆ ನೀರು ತಲುಪದು. ಆದ್ದರಿಂದ ಪುಣ್ಯದಲ್ಲಿ ಮಟ್ಟ ಅಳೆದವನಿಗೂ, ಹೂಳೆತ್ತಿದವನಿಗೂ ನಿಜವಾದ ಪಾಲಿದೆ.