ಅದಲು-ಬದಲಿನ ನ್ಯಾಯ

ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಚಿಕ್ಕ ರಟ್ಟಿನ ಕಾರ್ಡುಗಳನ್ನು ಕೂಡಿಡುವುದು ಅಮೆರಿಕದಲ್ಲಿ ನೂರು ವರ್ಷಕ್ಕೂ ಹಳೆಯ ಹವ್ಯಾಸ. ಮೊದಲು ಅವು ಸಿಗರೇಟು ಪ್ಯಾಕಿನೊಳಗೆ ಬರುತ್ತಿದ್ದವು, ಆಮೇಲೆ ಚೂಯಿಂಗ್ ಗಮ್ ಜೊತೆ ಬಂದವು. ಪೊಟ್ಟಣ ಒಡೆಯುವವರೆಗೆ ಒಳಗೆ ಯಾರ ಚಿತ್ರವಿದೆಯೆಂದು ಗೊತ್ತಾಗದು. ಒಬ್ಬನ ಬಳಿ ಒಂದೇ ಆಟಗಾರನ ಮೂರು ಕಾರ್ಡುಗಳಿದ್ದರೆ ಇನ್ನೊಬ್ಬನ ಬಳಿ ಒಂದೂ ಇರುವುದಿಲ್ಲ. ಟಾಪ್ಸ್ ಕಂಪೆನಿಯ 1952ರ ಸರಣಿಯಲ್ಲಿ 407 ಕಾರ್ಡುಗಳಿದ್ದವು. ಬರೀ ಪೊಟ್ಟಣ ಕೊಳ್ಳುತ್ತಾ ಅಷ್ಟನ್ನೂ ಕೂಡಿಸಲು ಹೊರಟರೆ ಹಣ ಮುಗಿದೀತು, ಸರಣಿ ಮುಗಿಯದು. ಹಾಗಾಗಿ ಸಂಗ್ರಹ ಬೆಳೆಯುವುದು ಅದಲು-ಬದಲಿನಿಂದಲೇ.

ಮೇಲ್ನೋಟಕ್ಕೆ ಇದಕ್ಕಿಂತ ಸರಳವಾದ ವ್ಯವಹಾರವಿಲ್ಲ. ನನಗೆ ಹೆಚ್ಚಾದದ್ದು ನಿನಗೆ, ನಿನಗೆ ಹೆಚ್ಚಾದದ್ದು ನನಗೆ. ಇಬ್ಬರೂ ಒಪ್ಪಿದ ಮೇಲೆ ಮೂರನೆಯವರು ಹೇಳುವುದೇನಿದೆ? ಆದರೆ ಒಪ್ಪಿಗೆಯೊಂದೇ ಸಾಕೇ?

1990ರಲ್ಲಿ ಷಿಕಾಗೋ ಬಳಿಯ ಕಾರ್ಡು ಅಂಗಡಿಯೊಂದರಲ್ಲಿ ನಡೆದ ಘಟನೆ ಪ್ರಸಿದ್ಧವಾಗಿದೆ. ಪಿಚರ್ ನೋಲನ್ ರಯಾನ್ ಅವರ ಆರಂಭದ ದಿನಗಳ 1968ರ ಕಾರ್ಡಿಗೆ ಅಲ್ಲಿ 1200 ಡಾಲರ್ ಬೆಲೆಯಿತ್ತು. ಕಾರ್ಡುಗಳ ಬಗ್ಗೆ ತಿಳಿಯದ ಸಹಾಯಕಿ ಚೀಟಿಯನ್ನು ತಪ್ಪಾಗಿ ಓದಿ, ಹುಡುಗನೊಬ್ಬನಿಗೆ ಅದನ್ನು 12 ಡಾಲರಿಗೆ ಕೊಟ್ಟಳು. ಹುಡುಗ ಕಾರ್ಡುಗಳನ್ನು ಬಲ್ಲವನು. ಅಂಗಡಿಯವರು ನ್ಯಾಯಾಲಯಕ್ಕೆ ಹೋದರು. ಕೊನೆಗೆ 1991ರಲ್ಲಿ ಇಬ್ಬರೂ ರಾಜಿಯಾಗಿ, ಕಾರ್ಡನ್ನು ಹರಾಜು ಹಾಕಿ ಬಂದ ಹಣವನ್ನು ದಾನಕ್ಕೆ ಬಿಟ್ಟರು. ವ್ಯಾಜ್ಯ ಮುಗಿಯಿತು, ಪ್ರಶ್ನೆ ಉಳಿಯಿತು. ಅದಲು-ಬದಲಿನಲ್ಲಂತೂ ಅದು ಇನ್ನೂ ಕಠಿಣ. ಅಲ್ಲಿ ಬೆಲೆಯ ಚೀಟಿಯೇ ಇಲ್ಲ. ತಪ್ಪು ಓದಿದರೆಂದು ತೋರಿಸಲು ಸಾಕ್ಷಿಯೂ ಇಲ್ಲ.

ಬೆಲೆಪಟ್ಟಿ ನೋಡಿ ಸಮಸಮ ಮಾಡಿದರೆ ನ್ಯಾಯವಾಯಿತು ಎನ್ನುವವರಿದ್ದಾರೆ. ಜೇಮ್ಸ್ ಬೆಕೆಟ್ ಎಂಬ ಸಂಖ್ಯಾಶಾಸ್ತ್ರಜ್ಞರು 1984ರಲ್ಲಿ ಇದಕ್ಕೆಂದೇ ಮಾಸಪತ್ರಿಕೆ ಆರಂಭಿಸಿದರು. ಆದರೆ ಸರಣಿ ಪೂರ್ತಿಯಾಗಲು ಒಂದೇ ಕಾರ್ಡು ಬಾಕಿ ಇರುವವನು, ತನ್ನ ಬಳಿ ಎರಡಿರುವ ದುಬಾರಿ ಕಾರ್ಡೊಂದನ್ನು ಸಂತೋಷದಿಂದ ಕೊಟ್ಟಾನು. ಪಟ್ಟಿಯ ಪ್ರಕಾರ ಅವನಿಗೆ ನಷ್ಟ, ಅವನ ಮನಸ್ಸಿನ ಪ್ರಕಾರ ಲಾಭ. ತಿಳಿದೇ ಕೊಟ್ಟಿದ್ದರಿಂದ ಅಲ್ಲಿ ಮೋಸವಿಲ್ಲ.

ನಷ್ಟವಾದ ಮಾತ್ರಕ್ಕೂ ಮೋಸವಾಗುವುದಿಲ್ಲ. ಮಾರಾಟವಾಗದೆ ಉಳಿದ 1952ರ ಕಾರ್ಡುಗಳನ್ನು ಸಮುದ್ರಕ್ಕೆ ಸುರಿಸಿದ್ದಾಗಿ ಟಾಪ್ಸ್‌ನವರೇ ಹೇಳಿಕೊಂಡಿದ್ದಾರೆ. ಅದೇ ಸರಣಿಯ ಮಿಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಅಂದು ಮ್ಯಾಂಟಲನನ್ನು ಕೊಟ್ಟು ಬೇರೊಬ್ಬನನ್ನು ಪಡೆದ ಹುಡುಗನಿಗೆ ಯಾರೂ ಅನ್ಯಾಯ ಮಾಡಲಿಲ್ಲ. ಮುಂದಿನದು ಇಬ್ಬರಿಗೂ ಕಾಣುತ್ತಿರಲಿಲ್ಲ. ಅನ್ಯಾಯವಿರುವುದು, ಒಬ್ಬನಿಗೆ ಕಂಡು ಇನ್ನೊಬ್ಬನಿಗೆ ಕಾಣದಿರುವಾಗ, ಕಂಡವನು ಅದನ್ನೇ ನೆಚ್ಚಿ ಕೈಚಾಚುವುದರಲ್ಲಿ.

"ವರ್ಷಗಟ್ಟಲೆ ಕಷ್ಟಪಟ್ಟು ಕಲಿತಿದ್ದೇನೆ. ಆ ಜ್ಞಾನದಿಂದ ಲಾಭ ಪಡೆಯಬಾರದೇ?" ಎಂದು ಕೇಳಬಹುದು. ಖಂಡಿತ ಪಡೆಯಬಹುದು. ಯಾವ ಕಾರ್ಡು ಎಲ್ಲಿ ಸಿಗುತ್ತದೆ, ಯಾವುದರ ಅಂಚು ಕತ್ತರಿಸಿದ್ದಾರೆ, ಯಾವುದಕ್ಕೆ ಕಾಯಬೇಕು ಎಂಬುದೆಲ್ಲ ಅವನ ಗಳಿಕೆ. ಆದರೆ ತನ್ನನ್ನು ನಂಬಿ ಎದುರು ಕುಳಿತ ಹತ್ತು ವರ್ಷದ ಹುಡುಗನ ಅಜ್ಞಾನ ಅವನ ಗಳಿಕೆಯಲ್ಲ. ಅದು ಹುಡುಗನ ಬಡತನ. ಇನ್ನೊಬ್ಬರ ಬಡತನವನ್ನು ನಮ್ಮ ಬಂಡವಾಳ ಮಾಡಿಕೊಳ್ಳಬಾರದು.

ಮೋಸ ಹೋದವನು ಮತ್ತೆ ಬರುವುದಿಲ್ಲ, ಆದ್ದರಿಂದ ಪ್ರಾಮಾಣಿಕತೆಯೇ ಲಾಭಕರ ಎನ್ನುವುದುಂಟು. ಮಾತು ನಿಜ, ಆದರೆ ಸಾಲದು. ಆ ಹುಡುಗ ನಾಳೆ ಬೇರೆ ಊರಿಗೆ ಹೋಗಬಹುದು. ತಾನು ಕಳೆದುಕೊಂಡದ್ದು ಅವನಿಗೆ ಎಂದೂ ತಿಳಿಯದಿರಬಹುದು. ಆಗ ನಮ್ಮನ್ನು ತಡೆಯುವುದು ಯಾವುದು? ಒಂದು ಪ್ರಶ್ನೆ ಮಾತ್ರ: ನನಗೆ ಗೊತ್ತಿರುವುದು ಅವನಿಗೂ ಗೊತ್ತಿದ್ದರೆ, ಅವನು ಇದಕ್ಕೆ ಒಪ್ಪುತ್ತಿದ್ದನೇ? ಹೌದಾದರೆ ಕಾರ್ಡು ನನ್ನದು. ಇಲ್ಲವಾದರೆ ಕಾರ್ಡು ಕೈಗೆ ಬಂದರೂ ನನ್ನದಲ್ಲ.

ಜೆಫರ್ಸನ್ ಬರ್ಡಿಕ್ ಎಂಬ ಸಂಗ್ರಹಕಾರರು ಸಿರಾಕ್ಯೂಸ್ ನಗರದ ವಿದ್ಯುತ್ ಉಪಕರಣಗಳ ಕಾರ್ಖಾನೆಯಲ್ಲಿ ಕೆಲಸಗಾರರಾಗಿದ್ದರು. ಸಂಧಿವಾತ ಅವರನ್ನು ಕಾಡುತ್ತಿತ್ತು. ಯಾವ ಯಾವ ಕಾರ್ಡುಗಳಿವೆ ಎಂಬುದನ್ನು ಅವರು ಗುಟ್ಟಾಗಿಡಲಿಲ್ಲ. ಸಂಖ್ಯೆ ಕೊಟ್ಟು, ಪಟ್ಟಿ ಮಾಡಿ ಎಲ್ಲರಿಗಾಗಿ ಅಚ್ಚು ಹಾಕಿಸಿದರು. 1909ರಿಂದ 1911ರವರೆಗೆ ಬಂದ ಪ್ರಸಿದ್ಧ ಸರಣಿಯನ್ನು ಇಂದಿಗೂ ಟಿ206 ಎಂದು ಕರೆಯುವುದು ಅವರ ಪಟ್ಟಿಯಿಂದಲೇ. ತಮ್ಮ ಮೂವತ್ತು ಸಾವಿರಕ್ಕೂ ಹೆಚ್ಚು ಬೇಸ್‌ಬಾಲ್ ಕಾರ್ಡುಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟು, ಅಲ್ಲಿಯೇ ಕುಳಿತು ಆಲ್ಬಮ್‌ಗಳಿಗೆ ಅಂಟಿಸುತ್ತಿದ್ದರು. ಆ ಕೆಲಸ ಮುಗಿಸಿದ ವರ್ಷವೇ, 1963ರಲ್ಲಿ, ತೀರಿಕೊಂಡರು.

ಬಲ್ಲವರೆಲ್ಲರೂ ಬರ್ಡಿಕ್ ಆಗಬೇಕಿಲ್ಲ. ಎದುರಿಗಿರುವವನಿಗೆ ತಿಳಿಯದಿದ್ದಾಗ, ಕೈಚಾಚುವ ಮೊದಲು "ಇದರ ಬೆಲೆ ನಿನಗೆ ಗೊತ್ತೇ?" ಎಂದು ಒಂದು ಮಾತು ಕೇಳಿದರೆ ಸಾಕು.