ಗೌರವವನ್ನು ತರಬೇತಿಯಲ್ಲಿ ಕಲಿಸಬಹುದೇ?



ಮಗುವಿಗೆ ಜನ್ಮ ಕೊಟ್ಟವನು ಅದನ್ನು ಸಾಕಬೇಕು. ಇಷ್ಟನ್ನು ತಿಳಿಯಲು ಯಾವ ಶಾಸ್ತ್ರವೂ ಬೇಡ. ಆದರೆ ಮನೆಬಿಟ್ಟು ದೂರವಾದ ತಂದೆಯಿಂದ ಆ ಖರ್ಚನ್ನು ವಸೂಲು ಮಾಡಬೇಕಾದ ಸರ್ಕಾರಿ ನೌಕರನು ಅವನೊಡನೆ ಹೇಗೆ ಮಾತನಾಡಬೇಕು? ಈ ಪ್ರಶ್ನೆ ಸಣ್ಣದೆಂದು ತೋರಬಹುದು, ಸಣ್ಣದಲ್ಲ.

ಅಮೆರಿಕದಲ್ಲಿ ಇದಕ್ಕೆಂದೇ ಒಂದು ಸರ್ಕಾರಿ ಯೋಜನೆಯಿದೆ. 1975ರಲ್ಲಿ ಅಲ್ಲಿನ ಸಾಮಾಜಿಕ ಭದ್ರತಾ ಕಾನೂನಿಗೆ ಒಂದು ಭಾಗವನ್ನು ಸೇರಿಸಿ ಇದನ್ನು ಆರಂಭಿಸಿದರು. ವೆಚ್ಚದ ಸುಮಾರು ಮೂರನೇ ಎರಡು ಪಾಲು ಕೇಂದ್ರ ಸರ್ಕಾರದ್ದು, ಕೆಲಸ ರಾಜ್ಯಗಳದು. ತಂದೆ ಯಾರೆಂದು ಖಚಿತಪಡಿಸಿಕೊಳ್ಳುವುದು, ಎಲ್ಲಿದ್ದಾನೆಂದು ಹುಡುಕುವುದು, ಜೀವನಾಂಶದ ಆದೇಶ ಮಾಡಿಸುವುದು, ಸಂಬಳದಿಂದಲೇ ಹಣ ಹಿಡಿದು ಮಗುವನ್ನು ಸಾಕುತ್ತಿರುವವರಿಗೆ ತಲುಪಿಸುವುದು, ಎಲ್ಲವೂ ಇಲಾಖೆಯ ಕೆಲಸ. 1 ಕೋಟಿಗೂ ಹೆಚ್ಚು ಮಕ್ಕಳು ಇದರ ವ್ಯಾಪ್ತಿಯಲ್ಲಿದ್ದಾರೆ. ನಮ್ಮಲ್ಲಾದರೋ ಬಹುಮಟ್ಟಿಗೆ ತಾಯಿಯೇ ಮಗುವನ್ನು ಕಂಕುಳಲ್ಲಿಟ್ಟುಕೊಂಡು ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಆ ದೃಷ್ಟಿಯಿಂದ ಅಲ್ಲಿನ ವ್ಯವಸ್ಥೆ ದೊಡ್ಡ ಉಪಕಾರವೇ ಸರಿ.

ಇಲಾಖೆಯ ಕೈಯಲ್ಲಿ ಕಠಿಣ ಅಸ್ತ್ರಗಳೂ ಇವೆ. ಬಾಕಿ 2,500 ಡಾಲರು ಮೀರಿದರೆ ಪಾಸ್‌ಪೋರ್ಟ್ ಸಿಗದು. ವಾಹನ ಚಾಲನೆಯ ಲೈಸೆನ್ಸ್ ಅಮಾನತಾಗಬಹುದು. ಕೊನೆಗೆ ನ್ಯಾಯಾಲಯದ ಆದೇಶ ಮೀರಿದ್ದಕ್ಕೆ ನ್ಯಾಯಾಂಗ ನಿಂದನೆಯೆಂದು ಜೈಲು. ಕೊಡಲು ಇದ್ದೂ ಕೊಡದವನಿಗೆ ಇದು ತಕ್ಕದ್ದೆನ್ನೋಣ. ಕೊಡಲು ಏನೂ ಇಲ್ಲದವನ ಗತಿಯೇನು? ಕಡತದಲ್ಲಿ ಇಬ್ಬರೂ ಒಂದೇ ರೀತಿ ಕಾಣುತ್ತಾರೆ. ಒಂದು ಹೆಸರು, ಒಂದು ಬಾಕಿ ಮೊತ್ತ, ಅಷ್ಟೇ.

ಒಂದು ಉದಾಹರಣೆ ನೋಡಿ. 1986ರಿಂದ ಅಲ್ಲಿರುವ ಕಾನೂನಿನ ಪ್ರಕಾರ, ತಿಂಗಳ ಕಂತಿನ ದಿನ ಕಳೆದುಹೋದ ಮೇಲೆ ಆ ಬಾಕಿಯನ್ನು ನ್ಯಾಯಾಧೀಶರೂ ಹಿಂದಿನಿಂದ ಅನ್ವಯವಾಗುವಂತೆ ಕಡಿಮೆ ಮಾಡುವಂತಿಲ್ಲ. ಒಬ್ಬನು ಜನವರಿಯಲ್ಲಿ ಕೆಲಸ ಕಳೆದುಕೊಂಡ ಎನ್ನಿ. ಆದೇಶವನ್ನು ಬದಲಿಸಿಕೊಡಿ ಎಂದು ಅವನು ಅರ್ಜಿ ಹಾಕಿದ್ದು ಡಿಸೆಂಬರಿನಲ್ಲಿ. ಅಲ್ಲಿಯವರೆಗಿನ ಅಷ್ಟೂ ತಿಂಗಳ ಸಾಲ ಹಾಗೆಯೇ ಉಳಿಯುತ್ತದೆ. ಅವನಿಗೆ ಬಂದ ನೋಟಿಸು ವಕೀಲರ ಭಾಷೆಯಲ್ಲಿದ್ದು ಅರ್ಥವಾಗದಿದ್ದರೆ? ಫೋನು ಮಾಡಿದಾಗ ಗುಮಾಸ್ತರು ಗದರಿಸಿ ಇಟ್ಟುಬಿಟ್ಟಿದ್ದರೆ? "ಕೆಲಸ ಹೋಗಿದ್ದರೆ ಇಂದೇ ಅರ್ಜಿ ಹಾಕಿ, ತಡಮಾಡಬೇಡಿ" ಎಂಬ ಒಂದು ಮಾತು ಒಬ್ಬನ ಬದುಕಿನ ದಿಕ್ಕನ್ನು ಬದಲಿಸಬಲ್ಲದು. ಆ ಮಾತು ಬರಿಯ ಸೌಜನ್ಯವೇ? ನನ್ನ ಮಟ್ಟಿಗೆ ಅದು ಅವನಿಗೆ ಸಲ್ಲಬೇಕಾದ ಪಾಲು. ಹೇಳದೆ ಬಿಡುವುದು ಅನ್ಯಾಯ.

ಕಾನೂನೂ ನಿಧಾನವಾಗಿ ಇದನ್ನು ಒಪ್ಪುತ್ತ ಬಂದಿದೆ. ಜೈಲಿಗೆ ಕಳಿಸುವ ಮೊದಲು ಅವನಿಗೆ ಕೊಡುವ ಶಕ್ತಿಯಿದೆಯೇ ಎಂದು ಸರಿಯಾದ ಕ್ರಮದಲ್ಲಿ ವಿಚಾರಿಸಬೇಕು ಎಂದು 2011ರಲ್ಲಿ ಟರ್ನರ್ ವಿರುದ್ಧ ರೋಜರ್ಸ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಸೆರೆಮನೆಯಲ್ಲಿರುವುದನ್ನು ಬೇಕೆಂದೇ ಕೆಲಸ ಬಿಟ್ಟಂತೆ ಎಣಿಸಬಾರದು ಎಂಬ ನಿಯಮ 2016ರಲ್ಲಿ ಬಂತು. ಅಲ್ಲಿಯವರೆಗೆ ಹಾಗೆ ಎಣಿಸುವ ರಾಜ್ಯಗಳಿದ್ದವು ಎಂಬುದೇ ಆಶ್ಚರ್ಯ!

ಅದೇ 2016ರಲ್ಲಿ ಕೇಂದ್ರದ ಇಲಾಖೆ ಒಂದು ಪ್ರಯೋಗಕ್ಕೆ ಹಣ ಕೊಟ್ಟಿತು. ನ್ಯಾಯಾಂಗ ನಿಂದನೆಯ ಹಂತ ತಲುಪಿದ್ದ ತಂದೆತಾಯಿಗಳನ್ನು ಬೇರೆ ರೀತಿ ಕಾಣಲು ಕೆಲವು ರಾಜ್ಯಗಳಲ್ಲಿ ನೌಕರರಿಗೆ ತರಬೇತಿ ಕೊಡಲಾಯಿತು. ಪಾಠ ಐದು: ಎದುರಿಗಿರುವವರನ್ನು ಗೌರವಿಸು, ನಡೆಯುತ್ತಿರುವುದು ಅವರಿಗೆ ಅರ್ಥವಾಗುವಂತೆ ಹೇಳು, ಅವರ ಮಾತಿಗೆ ಅವಕಾಶ ಕೊಡು, ಪಕ್ಷಪಾತ ಮಾಡಬೇಡ, ನೆರವಾಗು. ನೇರವಾಗಿ ನ್ಯಾಯಾಲಯಕ್ಕೆ ದೂರು ಕಳಿಸುವ ಬದಲು ನೌಕರರು ಇಬ್ಬರು ಪೋಷಕರಿಗೂ ಫೋನು ಮಾಡಿ, ಹಣ ಏಕೆ ನಿಂತಿತು ಎಂದು ಕೇಳಿ, ಒಂದು ದಾರಿ ಹುಡುಕಬೇಕಿತ್ತು.

ಇಂಥದ್ದನ್ನು ಕಲಿಸಲು ಸಾಧ್ಯವೇ ಎಂದು ಹಲವರು ನಗುತ್ತಾರೆ. ಗುರುಮಠದಲ್ಲಿ ಪಾಪನಿವೇದನೆ ಕೇಳುವುದನ್ನು ಅಭ್ಯಾಸ ಮಾಡಿಸುವಾಗ ನಾವೂ ನಕ್ಕವರೇ. ಸಹಪಾಠಿಯೊಬ್ಬ ಮಹಾಪಾಪಿಯಂತೆ ನಟಿಸುತ್ತಿದ್ದ, ನಾವು ಗಂಭೀರವಾಗಿ ಕೇಳಿದಂತೆ ನಟಿಸುತ್ತಿದ್ದೆವು. ಆದರೆ ನ್ಯಾಯದ ಕೆಲಸಗಳನ್ನು ಮಾಡುತ್ತ ಮಾಡುತ್ತಲೇ ಮನುಷ್ಯ ನ್ಯಾಯವಂತನಾಗುತ್ತಾನೆ ಎಂಬುದು ಅರಿಸ್ಟಾಟಲನ ವಿಚಾರ. ಮೊದಲು ನಾಲಿಗೆ ಕಲಿಯುತ್ತದೆ, ಮನಸ್ಸು ತಡವಾಗಿ ಹಿಂದೆ ಬರುತ್ತದೆ. ಆಮೇಲೆ ಧರ್ಮಕೇಂದ್ರದಲ್ಲಿ ಜನರ ಅಳಲು ಕೇಳುವಾಗ ಅದು ನನಗೆ ನಿಜವೆನಿಸಿದೆ.

ಈಗ ನಿಜವಾದ ತೊಡಕಿಗೆ ಬರೋಣ. 11,000ಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ ಪ್ರಯೋಗದ ಫಲವನ್ನು ಅಳೆದರು. ನ್ಯಾಯಾಂಗ ನಿಂದನೆಯ ಮೊಕದ್ದಮೆಗಳು ಇಳಿದವು. ಆದರೆ ಜೀವನಾಂಶದ ಸಂದಾಯ ಏರಲಿಲ್ಲ. ಗೌರವ ಕೊಟ್ಟರೆ ಹಣ ಬರುತ್ತದೆ ಎಂದು ನಂಬಿದವರಿಗೆ ನಿರಾಶೆಯೇ ಆಯಿತು.

ಹಾಗಾದರೆ ತರಬೇತಿ ವ್ಯರ್ಥವೇ? ಗೌರವವನ್ನು ಹಣ ಹೊರಡಿಸುವ ಉಪಾಯವೆಂದು ಕಲಿಸಿದ್ದರೆ ವ್ಯರ್ಥವೇ. ಮನುಷ್ಯನನ್ನು ಬರಿಯ ಸಾಧನವಾಗಿ ಬಳಸಬಾರದೆಂದು ಕಾಂಟ್ 1785ರಲ್ಲೇ ವಾದಿಸಿದ್ದ. ನಯವಾಗಿ ಮಾತನಾಡಿಸಿ ಜೇಬಿಗೆ ಕೈ ಹಾಕುವುದೂ ಬಳಸುವುದೇ ತಾನೇ? ಪ್ರತಿಯೊಬ್ಬನಿಗೂ ಅವನದನ್ನು ಸಲ್ಲಿಸುವ ಸ್ಥಿರವಾದ ಮನಸ್ಸೇ ನ್ಯಾಯ ಎಂದು ಸಂತ ತೋಮಸ್ ಅಕ್ವಿನಾಸರು ವಿವರಿಸುತ್ತಾರೆ. ಅರ್ಥವಾಗುವ ಮಾತು, ಕೇಳುವ ಕಿವಿ, ಇವು ಸಾಲಗಾರನಿಗೂ ಸಲ್ಲಬೇಕಾದವು. ಅವನು ಹಣ ಕಟ್ಟಲಿ, ಬಿಡಲಿ.

ಇಷ್ಟು ಬರೆದು ಮುಗಿಸಿದರೆ ನಾನೇ ಪಕ್ಷಪಾತಿಯಾಗುತ್ತೇನೆ. ತಿಂಗಳ ಬಾಡಿಗೆ ಕಟ್ಟಲಾಗದ ತಾಯಿಗೆ, "ನಿಮ್ಮ ಗಂಡನನ್ನು ಗೌರವದಿಂದ ಕಂಡೆವು, ಹಣ ಮಾತ್ರ ಬಂದಿಲ್ಲ" ಎಂದರೆ ಆಕೆಗೆ ಏನನಿಸಬೇಕು? ಮಗುವಿನ ಶಾಲೆಯ ಬೂಟು ನಮ್ಮ ತತ್ವಶಾಸ್ತ್ರಕ್ಕಾಗಿ ಕಾಯುವುದಿಲ್ಲ. ಆದ್ದರಿಂದಲೇ ಆ ತರಬೇತಿಯಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡದ್ದು, ಫೋನು ಇಬ್ಬರಿಗೂ ಹೋಗಬೇಕೆಂಬ ನಿಯಮ. ಎಷ್ಟೋ ಕಚೇರಿಗಳಲ್ಲಿ ಸುಸ್ತಿದಾರನಿಗೆ ಬೈಗುಳವಾದರೂ ಸಿಗುತ್ತದೆ, ಕಾದು ಕುಳಿತವಳಿಗೆ ಅದೂ ಇಲ್ಲ, ಮೌನ ಮಾತ್ರ. ಏನು ಪ್ರಯತ್ನ ನಡೆದಿದೆ, ಏಕೆ ತಡವಾಗುತ್ತಿದೆ, ಮುಂದಿನ ಹೆಜ್ಜೆ ಯಾವಾಗ ಎಂಬುದನ್ನು ಆಕೆಗೂ ಹೇಳಬೇಕು. ಇದ್ದೂ ಕೊಡದವನೆಂದು ಗೊತ್ತಾದ ದಿನ, ಆಕೆಗಾಗಿ ಕಠಿಣ ಹೆಜ್ಜೆಯನ್ನೂ ಇಡಬೇಕು.

ಆದರೆ ಇಬ್ಬರಿಗೂ ಫೋನು ಮಾಡಲು ಸಮಯ ಬೇಕು. ನೂರಾರು ಕಡತಗಳ ನಡುವೆ ಕುಳಿತ ನೌಕರನಿಗೆ ಐದು ಪಾಠ ಹೇಳಿಕೊಟ್ಟು, ಕಡತಗಳನ್ನು ಮಾತ್ರ ಮೊದಲಿನಷ್ಟೇ ಹೊರಿಸಿದರೆ, ಅವನಿಗೆ ಸಲ್ಲಬೇಕಾದದ್ದನ್ನು ಯಾರು ಸಲ್ಲಿಸಿದಂತಾಯಿತು?