ಎಡದ ಪುಟದ ಸಾಕ್ಷಿ

ದೇವದುರ್ಗ ಸೀಮೆಯ ಮಸರಕಲ್ಲಿನಲ್ಲಿ ಹುಟ್ಟಿದ ಸಣ್ಣ ಕತೆಯೊಂದು ಪರದೇಶದ ದ್ವಿಭಾಷಾ ಪತ್ರಿಕೆಯಲ್ಲಿ ಅಚ್ಚಾಯಿತೆಂದು ವಾಚಕರು ಭಾವಿಸಲಿ. ಎಡದ ಪುಟದಲ್ಲಿ ಕನ್ನಡ. ಬಲದ ಪುಟದಲ್ಲಿ ಇಂಗ್ಲಿಷು. ಕತೆಯ ತಾಯಿ ತನ್ನ ಎಳೆಯ ಮಗಳನ್ನು ‘ಯವ್ವಾ’ ಎಂದು ಕರೆಯುತ್ತಾಳೆ. ರಾಯಚೂರಿನವರಿಗೆ ಅದು ಅಕ್ಕರೆಯ ಕರೆ. ಪರದೇಶದವನಿಗೆ ಮಗಳು ತಾಯಿಯಾದುದು ಹೇಗೆಂಬ ಗೊಂದಲ. ಭಾಷಾಂತರಕಾರನು ಅದನ್ನು ‘ಮಗಳೇ’ ಎಂದು ತಿದ್ದಿದರೆ ಅದು ಅತಿಥಿಸತ್ಕಾರವೋ, ಅನೃತವೋ?

ತಿದ್ದಬಹುದೆನ್ನುವವರ ವಾದವು ಹಗುರವಾದುದಲ್ಲ. ತಿಳಿಯದ ಕತೆಯಿಂದ ಯಾರಿಗೇನು ಪ್ರಯೋಜನ? ಇದಕ್ಕೆ ಪ್ರಾಚೀನವಾದ ಆಧಾರವೂ ಉಂಟು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನದಲ್ಲಿ ಅಶೋಕನು ಪ್ರಾಕೃತದಲ್ಲಿ ನುಡಿದಿದ್ದಾನೆ. ಕಂದಹಾರದಲ್ಲಿ 1958ರಲ್ಲಿ ಬೆಳಕಿಗೆ ಬಂದ ಅವನ ಶಾಸನವಾದರೋ ಗ್ರೀಕ್, ಅರಮಾಯಿಕ್ ಎಂಬ ಎರಡು ನುಡಿಗಳಲ್ಲಿದೆ. ಅಲ್ಲಿ ‘ಧಮ್ಮ’ಕ್ಕೆ ಪ್ರತಿಯಾಗಿ ದೈವಭಕ್ತಿಯನ್ನು ಹೇಳುವ ಗ್ರೀಕ್ ಮಾತು ನಿಂತಿದೆ. ಅರಸನಿಗೆ ಬೇಕಾದುದು ಪ್ರಜೆಗಳ ಸನ್ನಡತೆ. ಅದನ್ನು ತಂದ ಮಾತು ಯಾವುದಾದರೇನು?

ಆದರೆ ಕತೆಯು ರಾಜಾಜ್ಞೆಯಲ್ಲ. ಆಜ್ಞೆಯಲ್ಲಿ ಅರ್ಥವು ಪ್ರಧಾನ. ಕತೆಯಲ್ಲಿ ಆಡಿದ ಮಾತೇ ಮನುಷ್ಯ. ‘ಯವ್ವಾ’ ಹೋದರೆ ಆ ತಾಯಿಯೇ ಹೋದಳು. ಬಾನು ಮುಷ್ತಾಕರ ಹನ್ನೆರಡು ಕತೆಗಳನ್ನು ‘ಹಾರ್ಟ್ ಲ್ಯಾಂಪ್’ ಎಂದು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರು ಕನ್ನಡ, ಉರ್ದು, ಅರಬ್ಬಿ ಮಾತುಗಳನ್ನು ಅಲ್ಲಲ್ಲಿ ಹಾಗೆಯೇ ಉಳಿಸಿದರು. ಓರೆಯಕ್ಷರವನ್ನೂ ಅಡಿಟಿಪ್ಪಣಿಯನ್ನೂ ಬಳಸಲಿಲ್ಲ. ಆ ಗ್ರಂಥಕ್ಕೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ದೊರೆಯಿತು. ಅದರ 50,000 ಪೌಂಡು ಲೇಖಕಿಗೂ ಭಾಷಾಂತರಕಾರ್ತಿಗೂ ಸಮಪಾಲು. ಪಾಲು ಸಮವಾದಲ್ಲಿ ಹೊಣೆಯೂ ಸಮವಷ್ಟೆ.

ಪರದೇಶದ ಓದುಗರಲ್ಲಿ ಕನ್ನಡ ಬಲ್ಲವರು ಎಲ್ಲಿಯೋ ಒಬ್ಬರು. ತಪ್ಪನ್ನು ಹಿಡಿಯುವವರಿಲ್ಲದ ಎಡೆಯಲ್ಲಿಯೇ ಧರ್ಮದ ಪರೀಕ್ಷೆ. ಆದರೂ ಬಲದ ಪುಟವು ಸುಳ್ಳಾಡಿದರೆ ಎಡದ ಪುಟವು ಎಂದಾದರೊಂದು ದಿನ ಸಾಕ್ಷಿ ನುಡಿದೀತು. ಇದಕ್ಕಿಂತ ದೊಡ್ಡ ಅಪಾಯವು ಕತೆಗಾರನಲ್ಲಿಯೇ ಇದೆ. ಬಲದ ಪುಟದ ಮೇಲೆ ಕಣ್ಣಿಟ್ಟು ಅವನು ಕನ್ನಡದಲ್ಲಿಯೇ ‘ಮಗಳೇ’ ಎಂದು ಬರೆದುಬಿಟ್ಟರೆ, ಎಡದ ಪುಟವೇ ಭಾಷಾಂತರವಾಯಿತು. ಆ ಅನೃತಕ್ಕೆ ಸಾಕ್ಷಿಯೇ ಉಳಿಯದು.

ಆದುದರಿಂದ ದೂರದ ಓದುಗನು ಒಂದು ಮಾತಿನಲ್ಲಿ ಎಡವಿದರೆ ಎಡವಲಿ. ಕತೆ ಮುಂದೆ ಸಾಗಿದಂತೆ ಆ ತಾಯಿಯ ನಡೆಯೇ ಅವನಿಗೆ ಅರ್ಥವನ್ನು ಹೇಳೀತು. ಎಡದ ಪುಟವನ್ನು ಮಸರಕಲ್ಲಿನಲ್ಲಿ ಗಟ್ಟಿಯಾಗಿ ಓದಿದಾಗ, ಅಕ್ಷರವರಿಯದ ತಾಯಿಯೊಬ್ಬಳು ಅದು ತನ್ನ ಮಾತೆಂದು ಗುರುತಿಸಬೇಕು. ಕತೆಗಾರನ ಮೊದಲ ಋಣವು ಅವಳಿಗೆ.